ಒಂದು ಗೇಣು ಉದ್ದ ಬೆಳೆದು ಬನ್ನಿ

ಬೆಂಗಳೂರಿನ ಯಾವುದಾದರೂ ಕ್ಲೈಂಬಿಂಗ್ ಜಿಮ್ಮಿಗೆ ವಾರದ ಮಧ್ಯೆ ಒಂದು ಸಂಜೆ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಗಿಡ್ಡಗಿರೋ ಯಾರೋ ಒಬ್ಬರು ಗೋಡೆಗೆ ಅಂಟಿಕೊಂಡು ಮುಂದಿನ ಹಿಡಿಗೆ ಕೈ ಚಾಚ್ತಿರ್ತಾರೆ. ಎಟುಕ್ತಿರೋದಿಲ್ಲ. ಕೆಳಗೆ ಮ್ಯಾಟ್ ಮೇಲೆ ಕಾಲು ನೀಡಿಕೊಂಡು ಕೂತಿರೋ ಉದ್ದನೆಯ ಆಸಾಮಿ ಹೇಳ್ತಾನೆ: "ಜಸ್ಟ್ ರೀಚ್ ಮಾಡಿ. ಇನ್ನೊಂಚೂರು ಕಮಿಟ್ ಆಗಿ."

ನನ್ನ ಜಗಳ ಈ ಮಾತಿನ ಜೊತೆ. ಹಾಗೆ ಹೇಳೋ ಆಸಾಮಿಗಳಲ್ಲಿ ನಾನೂ ಒಬ್ಬನಾಗಿದ್ದೆ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಯಾರೋ ಕಾಮೆಂಟಲ್ಲಿ ಬಂದು ಹಳೇ ಕಥೆ ತೆಗೆಯೋದು ಬೇಡ. ನನ್ನೆತ್ತರ ಐದಡಿ ಹತ್ತಿಂಚು. ಊರಲ್ಲಿ ನಮ್ಮಮ್ಮ ನನ್ನನ್ನ ಕರೀತಿದ್ದದ್ದೇ ತೆಂಗಿನಮರ ಅಂತ.

ಗೊತ್ತಿಲ್ಲದೋರಿಗೆ ಎರಡು ಮಾತು. ಬೋಲ್ಡರಿಂಗ್ ಅಂದ್ರೆ ಹಗ್ಗ ಇಲ್ಲದೆ ನಾಲ್ಕು, ನಾಲ್ಕೂವರೆ ಮೀಟರ್ ಎತ್ತರದ ಗೋಡೆ ಹತ್ತೋದು. ಬಿದ್ದರೆ ಕೆಳಗೆ ಅಡಿ ದಪ್ಪದ ಮ್ಯಾಟ್. ಗೋಡೆ ಅಂದ್ರೆ ಪ್ಲೈವುಡ್ಡು. ಅದರ ತುಂಬಾ ಸಾಲುಸಾಲು ತೂತು, ಪ್ರತಿ ತೂತಿನ ಹಿಂದೆ ಒಂದು ಟಿ-ನಟ್. ಅದಕ್ಕೆ ಪಾಲಿಯುರೆಥೇನಿನ ಬಣ್ಣಬಣ್ಣದ ಹಿಡಿಗಳನ್ನ ಎಂ10 ಬೋಲ್ಟ್ ಹಾಕಿ ಬಿಗೀತಾರೆ. ಒಂದೇ ಬಣ್ಣದ ಹಿಡಿಗಳನ್ನಷ್ಟೇ ಹಿಡ್ಕೊಂಡು, ಅವುಗಳ ಮೇಲಷ್ಟೇ ಕಾಲಿಟ್ಟುಕೊಂಡು ಹೋಗಿ ಕೊನೆಯ ಹಿಡಿಗೆ ಎರಡೂ ಕೈ ತಾಗಿಸಿದರೆ ಒಂದು 'ಪ್ರಾಬ್ಲಂ' ಮುಗೀತು. ಹೌದು, ಅದರ ಹೆಸರೇ ಪ್ರಾಬ್ಲಂ. ಲೆಕ್ಕದ ಪುಸ್ತಕದಲ್ಲಿ ಇರುತ್ತಲ್ಲ, ಹಾಗೆ. ಈ ಆಟಕ್ಕೆ ಇವತ್ತಿನ ರೂಪ ಕೊಟ್ಟ ಅಮೆರಿಕದ ಜಾನ್ ಗಿಲ್ ವೃತ್ತಿಯಲ್ಲಿ ಗಣಿತದ ಪ್ರೊಫೆಸರ್ ಅನ್ನೋದು ಕಾಕತಾಳೀಯ ಇರಬಹುದು, ನನಗಂತೂ ಖುಷಿ ಕೊಟ್ಟ ವಿಷಯ.

ಲೆಕ್ಕ ಬಿಡಿಸೋರು ಬೇರೆ, ಹಾಕೋರು ಬೇರೆ. ಹಾಕೋರನ್ನ ಸೆಟ್ಟರ್ ಅಂತಾರೆ. ಎರಡು ವರ್ಷ ಬಿಡಿಸಿದ ಮೇಲೆ ನನಗೆ ಹಾಕೋ ಆಸೆ ಹುಟ್ಟಿತು. ಹೋಗಿ ಕೇಳಿದೆ. ನಮ್ಮ ಜಿಮ್ಮಲ್ಲಿ ಸೋಮವಾರ ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿದಮೇಲೆ ಒಂದು ಗೋಡೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. "ಬನ್ರಿ, ತೊಳ್ಯಾಕ ಒಬ್ರು ಬೇಕಾಗಿತ್ತು" ಅಂದ ಹೆಡ್ ಸೆಟ್ಟರ್. ಬಾದಾಮಿ ಕಡೆಯ ಹುಡುಗ, ನನಗಿಂತ ಏಳೆಂಟು ವರ್ಷ ಚಿಕ್ಕೋನು. ಚಿಕ್ಕಂದಿನಲ್ಲಿ ಅಲ್ಲಿನ ಕೆಂಪು ಮರಳುಗಲ್ಲಿನ ಬಂಡೆಗೆ ಬರ್ತಿದ್ದ ಕ್ಲೈಂಬರುಗಳ ಹಗ್ಗ ಹೊತ್ತುಕೊಂಡು ಓಡಾಡಿ, ಆಮೇಲೆ ಅವರಿಗಿಂತ ಚೆನ್ನಾಗಿ ಹತ್ತೋದು ಕಲಿತು ಇಲ್ಲಿಗೆ ಬಂದವನು.

ಮೊದಲ ಎರಡು ತಿಂಗಳು ನಾನು ನಿಜಕ್ಕೂ ತೊಳೆದೆ ಅಷ್ಟೇ. ಬಿಚ್ಚಿದ ಹಿಡಿಗಳ ಮೇಲೆ ಚಾಕ್ ಪುಡಿ, ಶೂ ರಬ್ಬರಿನ ಕಪ್ಪು, ಯಾರ್‍ಯಾರದೋ ಬೆವರು. ಟಬ್ಬಿನಲ್ಲಿ ನೆನೆಸಿ ಬ್ರಷ್ ಹಾಕಿ ಉಜ್ಜಬೇಕು. ಹಗಲು ಹೊತ್ತು ಮೈಕ್ರೋಸರ್ವಿಸ್ ಆರ್ಕಿಟೆಕ್ಚರ್ ಬಗ್ಗೆ ಭಾಷಣ ಮಾಡೋ ನಾನು ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯೋ ಹಾಗೆ ಕುಕ್ಕರಗಾಲಲ್ಲಿ ಕೂತಿರ್ತಿದ್ದೆ. ಬೋಲ್ಟು ಸೊಟ್ಟಗೆ ಇಳಿಸಿ ಇಂಪ್ಯಾಕ್ಟ್ ಡ್ರೈವರ್ ಒತ್ತಿದರೆ ಹಿಂದಿನ ಟಿ-ನಟ್ ಕಿತ್ತುಕೊಂಡು ಸುಮ್ಮನೆ ತಿರುಗುತ್ತೆ. ಆಗ ಯಾರಾದರೂ ಟಾರ್ಚ್ ಹಿಡ್ಕೊಂಡು ಗೋಡೆಯ ಹಿಂದಿನ ಕಬ್ಬಿಣದ ಚೌಕಟ್ಟಿನ ಸಂದಿಗೆ ತೂರಿಕೊಳ್ಳಬೇಕು. ಆ ಯಾರಾದರೂ ಯಾವಾಗಲೂ ನಾನೇ. ಅಲ್ಲಿ ಕೂತು ನೋಡಿದಾಗಲೇ ಗೊತ್ತಾಗಿದ್ದು: ಈ ಕಡೆ ಇಷ್ಟು ಚೆಂದ ಕಾಣೋ ಗೋಡೆ ಆ ಕಡೆಯಿಂದ ಬರೀ ಧೂಳು, ಜಿರಳೆ, ಎಣಿಸೋಕಾಗದಷ್ಟು ತೂತು. ಎಲ್ಲಿ ಹಿಡಿ ಇರಬೇಕು, ಎಲ್ಲಿ ಇರಬಾರದು ಅನ್ನೋದನ್ನ ಆ ತೂತುಗಳು ತೀರ್ಮಾನ ಮಾಡೋದಿಲ್ಲ. ಒಬ್ಬ ಮನುಷ್ಯ ತೀರ್ಮಾನ ಮಾಡ್ತಾನೆ.

ಮೂರನೇ ತಿಂಗಳು ನನ್ನ ಮೊದಲ ಪ್ರಾಬ್ಲಂ ಗೋಡೆಗೆ ಹತ್ತಿತು. ಹದಿನೈದು ಡಿಗ್ರಿ ಮುಂದಕ್ಕೆ ಬಾಗಿದ ಗೋಡೆ, ಹಳದಿ ಬಣ್ಣ, ಕೈಗೆ ಏಳು ಹಿಡಿ. ನಾಲ್ಕನೇ ಹಿಡಿ ಬೆರಳ ತುದಿ ಮಾತ್ರ ಕೂರೋವಷ್ಟು ಸಣ್ಣ ಅಂಚು, ಅಂದ್ರೆ ಕ್ರಿಂಪ್. ಅಲ್ಲಿಂದ ಎಡಗೈ ಚಾಚಿ ಐದನೆಯದನ್ನ ಹಿಡಿಯಬೇಕು. ಅದು ಹಲಸಿನ ಹಣ್ಣಿನ ಬೆನ್ನಿನ ಹಾಗೆ ದುಂಡಗಿರೋ ಸ್ಲೋಪರ್. ನನಗೆ ಎಷ್ಟು ಹೆಮ್ಮೆ ಅಂತೀರಿ! ಮೊದಲ ಸಲ ಕೋಡ್ ಪ್ರೊಡಕ್ಷನ್ನಿಗೆ ಹೋದಾಗಲೂ ಇಷ್ಟು ಬೀಗಿರಲಿಲ್ಲ. ಅವತ್ತು ಹೆಡ್ ಸೆಟ್ಟರ್ ಊರಿಗೆ ಹೋಗಿದ್ದ. ಇದ್ದ ನಾವು ಮೂವರೇ ಟೆಸ್ಟ್ ಮಾಡಿದೆವು. ಮೂವರೂ ಗಂಡಸರು, ಮೂವರೂ ಐದಡಿ ಒಂಬತ್ತಿಂಚಿನ ಮೇಲೆ. ಎರಡೆರಡು ಪ್ರಯತ್ನದಲ್ಲಿ ಮುಗಿಸಿ "ವಿ3" ಅಂತ ಚೀಟಿ ಅಂಟಿಸಿ ಮನೆಗೆ ಹೋದೆವು.

ಮರುದಿನ ಸಂಜೆ ಒಬ್ಬಾಕೆ ಅದರ ಮೇಲೆ ಬಿದ್ದಳು. ಪರಿಚಯದವರೇ, ಪಕ್ಕದ ಟೆಕ್ ಪಾರ್ಕಿನಲ್ಲಿ ಕೆಲಸ. ಎತ್ತರ ಐದಡಿ. ಬೇರೆ ಗೋಡೆಗಳಲ್ಲಿ ವಿ4 ಮಾಡ್ತಾ ಇದ್ದವರು, ನನಗಿಂತ ಒಳ್ಳೇ ಕ್ಲೈಂಬರ್. ನಾಲ್ಕನೇ ಹಿಡಿಯವರೆಗೆ ನೀರು ಕುಡಿದ ಹಾಗೆ ಹೋದರು. ಅಲ್ಲಿಂದ ಹನ್ನೊಂದು ಸಲ ಬಿದ್ದರು. ನಾನು ಎಣಿಸ್ತಾ ಕೂತಿದ್ದೆ. ಹನ್ನೊಂದನೇ ಸಲ ಬಿದ್ದಾಗ ಬಾಯಿ ಬಿಟ್ಟೆ.

"ಸ್ವಲ್ಪ ಕಮಿಟ್ ಆಗಬೇಕು ನೀವು."

ಆಕೆ ಬೆರಳ ಟೇಪ್ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಇದನ್ನ ಹಾಕಿದ್ದು ನೀವೇ ಅಲ್ವಾ? ನಿಮ್ಮ ಕೈಗಿಂತ ನನ್ನ ಕೈ ಗೇಣಿಗೂ ಜಾಸ್ತಿ ಕೆಳಗೆ ನಿಲ್ಲುತ್ತೆ. ಆ ಗೇಣನ್ನ ಯಾವ ಟ್ರೈನಿಂಗಲ್ಲಿ ಬೆಳೆಸ್ಕೋಬೇಕು ಅಂತ ಹೇಳಿ, ನಾಳೆಯಿಂದಾನೇ ಸೇರ್ಕೋತೀನಿ."

ಆಕೆ ಕೆಲಸದಲ್ಲಿ ಟೆಸ್ಟರ್ ಅಂತ ಆಮೇಲೆ ಗೊತ್ತಾಯ್ತು. ಬಗ್ ರಿಪೋರ್ಟ್ ಬರೆಯೋದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನೇನು ಮಾಡಿದೆ ಹೇಳಿ? ನಮ್ಮ ಕೆಲಸದವರೆಲ್ಲ ಮಾಡೋದನ್ನೇ. "ನಾವು ಮೂವರೂ ಟೆಸ್ಟ್ ಮಾಡಿದ್ವಲ್ಲ, ಆಗ್ತಿತ್ತು" ಅಂದೆ. ನನ್ನ ಮಷೀನಲ್ಲಿ ಓಡ್ತಿದೆ! ಇದೇ ಮಾತು ಹೇಳಿದ ಜೂನಿಯರ್ ಹುಡುಗನಿಗೆ ಅದೇ ವಾರ ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ಎಲ್ಲರ ಮುಂದೆ ಕ್ಲಾಸ್ ತಗೊಂಡಿದ್ದೆ.

ಮುಂದಿನ ಸೋಮವಾರ ಹೆಡ್ ಸೆಟ್ಟರ್ ವಾಪಸ್ ಬಂದ. ನನ್ನ ಹಳದಿ ಪ್ರಾಬ್ಲಂ ಮುಂದೆ ನಿಂತು, ಹತ್ತಲಿಲ್ಲ, ಬರೀ ನೋಡಿದ. "ಏಣಿ ಮ್ಯಾಲೆ ನಿಂತು ಕೈ ಎಲ್ಲೀತನಾ ಹೋಗ್ತದೋ ಅಲ್ಲಿ ಬೋಲ್ಟ್ ಹಾಕೀರಿ. ಇದು ಪ್ರಾಬ್ಲಂ ಅಲ್ರಿ. ನಿಮ್ಮ ಅಳತಿ ಅಂಗಿ."

ಅಷ್ಟೇ. ಆದರೆ ಯೋಚನೆ ಮಾಡಿ, ಇದು ಅಕ್ಷರಶಃ ನಿಜ. ಏಣಿ ಮೇಲೆ ನಿಂತಾಗ ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಡ್ರೈವರ್. ಮುಂದಿನ ತೂತು ಯಾವುದು ಅಂತ ನಾವು ಟೇಪು ಹಿಡಿದು ಅಳೆಯೋದಿಲ್ಲ, ಮೈ ಅಳೆಯುತ್ತೆ. ಸೆಟ್ಟರ್ ತನ್ನ ಮೈಯನ್ನೇ ಸ್ಕೇಲ್ ಮಾಡಿಕೊಂಡು ಗೋಡೆ ತುಂಬಾ ತನ್ನ ನೆರಳನ್ನೇ ಬರೆದಿಟ್ಟು ಬರ್ತಾನೆ. ಆಮೇಲೆ ಆ ನೆರಳಿಗೆ ಹೊಂದಿಕೊಳ್ಳದವರಿಗೆ ಶಕ್ತಿ ಸಾಲದು, ಧೈರ್ಯ ಸಾಲದು, ಕಮಿಟ್‌ಮೆಂಟ್ ಸಾಲದು ಅಂತಾನೆ. ಭಾರತದ ಹೆಣ್ಣುಮಕ್ಕಳ ಸರಾಸರಿ ಎತ್ತರ 152 ಸೆಂಟಿಮೀಟರಿನ ಆಸುಪಾಸು. ಅಂದ್ರೆ ಬರೋಬ್ಬರಿ ಐದಡಿ. ಹನ್ನೊಂದು ಸಲ ಬಿದ್ದಾಕೆ ಅಪವಾದ ಅಲ್ಲ ಸ್ವಾಮಿ, ಸರಾಸರಿ. ಅಪವಾದ ಅಂದ್ರೆ ನಾನು, ನನ್ನಿಬ್ಬರು ಗೆಳೆಯರು.

ಇಲ್ಲಿ ಒಂದು ಉತ್ತರ ರೆಡಿ ಇಟ್ಕೊಂಡಿರೋರು ಬಹಳ ಜನ. "ಬಂಡೆ ಯಾರ ಎತ್ತರ ನೋಡಿಕೊಂಡು ಹುಟ್ಟಿದೆ? ನಿಸರ್ಗ ನ್ಯಾಯ ಮಾಡಲ್ಲ. ಕ್ಲೈಂಬಿಂಗ್ ಅಂದ್ರೇನೇ ಅದು." ಜಿಮ್ಮಿನ ಟೀ ಬ್ರೇಕಲ್ಲಿ ಇದನ್ನ ಹೇಳೋರ ಮುಖದಲ್ಲಿ ಒಂದು ಋಷಿಕಳೆ ಇರುತ್ತೆ, ಗಮನಿಸಿ ನೋಡಿ.

ಬಂಡೆಯ ಬಗ್ಗೆ ನನಗೂ ಒಂಚೂರು ಗೊತ್ತು. ನನ್ನೂರು ಮಧುಗಿರಿ ತಾಲ್ಲೂಕು. ಮನೆ ಮುಂದೆ ನಿಂತು ಕತ್ತೆತ್ತಿದರೆ ಕಾಣೋದು ಒಂದೇ ಕಲ್ಲಿನ ಬೆಟ್ಟ. ಕೋಟೆಗೆ ಹೋಗೋ ದಾರಿಯ ಮೇಲ್ಭಾಗದಲ್ಲಿ ನುಣುಪು ಬಂಡೆಯಲ್ಲಿ ಕಾಲಿಡೋಕೆ ಅಂತ ಗುಳಿ ಕೆತ್ತಿದ್ದಾರೆ. ನಮ್ಮ ಸೋದರತ್ತೆ ನಾಲ್ಕು ಮುಕ್ಕಾಲು ಅಡಿ ಇದ್ದಾರೋ ಇಲ್ಲವೋ, ಸೀರೆ ಎತ್ತಿ ಕಟ್ಟಿಕೊಂಡು ನಮ್ಮನ್ನೆಲ್ಲ ಹಿಂದೆ ಹಾಕಿ ಅದನ್ನ ಹತ್ತಿದ್ದು ನೆನಪಿದೆ. ಆ ಗುಳಿ ಕೆತ್ತಿದವನು ಯಾವ ಕಾಲದವನೋ, ಅವನು ತನ್ನೊಬ್ಬನ ದಾಪುಗಾಲಿನ ಅಳತೆ ಇಟ್ಕೊಂಡು ಕೆತ್ತಿರಲಿಲ್ಲ ಅನ್ನೋದಂತೂ ಗ್ಯಾರಂಟಿ.

ಗುಳಿ ಇಲ್ಲದ ಬಂಡೆಯನ್ನೇ ತಗೊಳ್ಳಿ. ತುರಹಳ್ಳಿಗೆ ಹೋಗಿ, ರಾಮನಗರಕ್ಕೆ ಹೋಗಿ, ಹಂಪಿಗೆ ಹೋಗಿ. ಎರಡು ಒಳ್ಳೇ ಹಿಡಿಗಳ ನಡುವೆ ಬಂಡೆಯಲ್ಲಿ ಖಾಲಿ ಜಾಗ ಅಂತ ಇರೋದಿಲ್ಲ. ಗುಲಗಂಜಿಯಷ್ಟು ಹರಳು ಇರುತ್ತೆ, ಉಗುರು ಸಿಗೋವಷ್ಟು ಸುಕ್ಕು ಇರುತ್ತೆ, ಶೂ ಒತ್ತಿದರೆ ನಿಲ್ಲೋವಷ್ಟು ಒರಟು ಇರುತ್ತೆ. ಉದ್ದನೆಯವನು ಒಂದೇ ಸಲಕ್ಕೆ ಚಾಚೋ ಕಡೆ ಗಿಡ್ಡಗಿರೋರು ಮೂರು ಸಣ್ಣ ಹೆಜ್ಜೆ ಹುಡುಕ್ಕೋತಾರೆ. ಅದು ಕಷ್ಟವೇ, ಕೆಲವು ಸಲ ಆಗೋದೂ ಇಲ್ಲ. ಆದರೆ ಹುಡುಕೋಕೆ ಅಲ್ಲಿ ಏನೋ ಇರುತ್ತೆ. ಪ್ಲೈವುಡ್ಡಲ್ಲಿ ಏನಿದೆ? ನನ್ನ ನಾಲ್ಕನೇ ಹಿಡಿಗೂ ಐದನೇ ಹಿಡಿಗೂ ನಡುವೆ ಇದ್ದದ್ದು ಬೂದು ಪೇಂಟು. ಅಲ್ಲಿನ ಹರಳು, ಸುಕ್ಕು, ಒರಟು ಎಲ್ಲವನ್ನೂ ತೆಗೆದುಹಾಕಿದ್ದು ನಿಸರ್ಗ ಅಲ್ಲ. ನಾನು, ನನ್ನ ಏಣಿ, ನನ್ನ ಎಂಟು ಎಂಎಂ ಆಲನ್ ಕೀ. ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಯಲ್ಲಿ 1964ರಲ್ಲಿ ಡಾನ್ ರಾಬಿನ್ಸನ್ ಅನ್ನೋರು ಒಂದು ಕಾರಿಡಾರಿನ ಗೋಡೆಗೆ ಕಲ್ಲಿನ ತುಂಡು ಸೇರಿಸಿ ಹತ್ತೋ ಗೋಡೆ ಮಾಡಿದರು. ಗೋಡೆ ಬಂಡೆಯ ಥರ ಆಗಲಿ ಅನ್ನೋದು ಅವರ ಆಸೆ. ಅರವತ್ತು ವರ್ಷ ಆದಮೇಲೆ ನಾವು ಬಂಡೆಯಲ್ಲಿದ್ದ ಆಯ್ಕೆಗಳನ್ನೆಲ್ಲ ಕಿತ್ತುಹಾಕಿ, ಉಳಿದ ಕ್ರೌರ್ಯಕ್ಕೆ ಮಾತ್ರ 'ನಿಸರ್ಗ' ಅಂತ ಹೆಸರಿಟ್ಟಿದ್ದೀವಿ. ಸೆಟ್ಟರ್ ನಿಸರ್ಗ ಅಲ್ಲ. ಸೆಟ್ಟರ್ ಅಂದ್ರೆ ಸರ್ಕಾರ. ಆರ್ಡರ್ ಹೊರಡಿಸಿದವನು ತಾನೇ ಆಗಿದ್ದು, ಹಣೆಬರಹ ಅಂತ ಕೈ ತೋರಿಸೋ ಹಾಗಿಲ್ಲ.

ಹಾಗಾದರೆ ಒಲಿಂಪಿಕ್ಸ್? ಈ ಪ್ರಶ್ನೆಯೂ ಬರುತ್ತೆ, ಬರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಹೆಂಗಸರ ಫೈನಲ್ ನೋಡಿದ್ದೀರಾ? ಜಪಾನಿನ ಐ ಮೋರಿ, 154 ಸೆಂಟಿಮೀಟರ್. ಮೊದಲ ಬೋಲ್ಡರಿನ ಶುರುವಿನ ಹಿಡಿಗೇ ನೆಲದಿಂದ ಹಾರಬೇಕು. ಹಾರಿದಳು, ಬಿದ್ದಳು, ಮತ್ತೆ ಹಾರಿದಳು. ಅದರಲ್ಲಿ ಸಿಕ್ಕಿದ್ದು ಸೊನ್ನೆ. ಅದೇ ಫೈನಲ್ಲಿನ ಲೀಡ್ ಸುತ್ತಿನಲ್ಲಿ, ಅಂದ್ರೆ ಹಗ್ಗ ಕಟ್ಟಿಕೊಂಡು ಎತ್ತರದ ಗೋಡೆ ಹತ್ತೋ ಸುತ್ತಿನಲ್ಲಿ, ಎಲ್ಲರಿಗಿಂತ ಹೆಚ್ಚು ಅಂಕ ತಗೊಂಡವಳು ಅವಳೇ. ಒಟ್ಟಾರೆ ನಾಲ್ಕನೇ ಸ್ಥಾನ, ಪದಕ ಇಲ್ಲ. ಇಂಟರ್ನೆಟ್ಟಲ್ಲಿ ದೊಡ್ಡ ಜಗಳವೇ ಆಯ್ತು.

ಆ ಜಗಳದಲ್ಲಿ ನಾನು ನನ್ನ ಪಕ್ಷದವರ ಜೊತೆ ಪೂರ್ತಿ ಇಲ್ಲ. ಬೆಳ್ಳಿ ಗೆದ್ದ ಬ್ರೂಕ್ ರಬಟೂ ಏನು ಉದ್ದನೆಯ ಹೆಂಗಸಲ್ಲ, ಅವಳು ಆ ಹಿಡಿ ಹಿಡಿದಳು. ಎಂಟು ಜನರಲ್ಲಿ ಯಾರು ಮೇಲು ಅಂತ ತೂಕ ಹಾಕೋ ಜಾಗ ಅದು. ಅಲ್ಲಿ ಜಿಗಿಯೋ ಶಕ್ತಿಯನ್ನೂ ಪರೀಕ್ಷೆ ಮಾಡಬಹುದು, ಆದರೆ ಮೊದಲ ಹಿಡಿಯಲ್ಲೇ ಬೇಕಿತ್ತಾ ಅಂತ ವಾದ ಮಾಡಬಹುದು ಅಷ್ಟೇ. ನನ್ನ ಸಿಟ್ಟು ಇರೋದು ಪ್ಯಾರಿಸ್ಸಿನ ಮೇಲಲ್ಲ. ಆ ಫೈನಲ್ಲಿನ ವಿಡಿಯೋ ಮೊಬೈಲಲ್ಲಿ ನೋಡಿ, ಅದೇ ಸ್ಟೈಲನ್ನ ಇಲ್ಲಿ ಔಟರ್ ರಿಂಗ್ ರೋಡ್ ಪಕ್ಕದ ಗೋಡಾನಿನಲ್ಲಿ, ಮಂಗಳವಾರ ಸಂಜೆ, ಐನೂರು ಆರುನೂರು ರೂಪಾಯಿ ಪಾಸು ತಗೊಂಡು ಬಂದ ಜನರ ಮೇಲೆ ಪ್ರಯೋಗ ಮಾಡ್ತಾರಲ್ಲ, ಅವರ ಮೇಲೆ. ಇಲ್ಲಿಗೆ ಬರೋರು ಪದಕಕ್ಕೆ ಬಂದಿಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಗೂನು ಹಾಕ್ಕೊಂಡು ಕೂತು, ಸಿಲ್ಕ್ ಬೋರ್ಡ್ ದಾಟಿಕೊಂಡು, ಮೈಗೆ ಏನಾದರೂ ಹೊಸದು ಕಲಿಸೋಣ ಅಂತ ಬಂದಿದ್ದಾರೆ. ಒಂದು ಪ್ರಾಬ್ಲಂ ಅವರಿಗೆ ಕಲಿಸಬೇಕು. ಸೊಂಟ ಗೋಡೆಗೆ ತಂದರೆ ಕೈ ಹಗುರಾಗುತ್ತೆ ಅಂತಲೋ, ಕಾಲನ್ನ ನಂಬಿದರೆ ಸ್ಲೋಪರ್ ನಿಲ್ಲುತ್ತೆ ಅಂತಲೋ. 'ನೀನು ಗಿಡ್ಡ' ಅನ್ನೋದು ಪಾಠ ಅಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಇದು ನನಗೆ ಯಾಕೆ ಇಷ್ಟು ಚುಚ್ಚಿತು ಅಂತ ಹೇಳಲೇಬೇಕು.

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಜಡತ್ವ, ಸಂವೇಗ, ವೇಗೋತ್ಕರ್ಷ ಎಲ್ಲ ನೀರು ಕುಡಿದಷ್ಟು ಸಲೀಸು. ಪಿಯುಸಿಗೆ ಹೋದಮೇಲೆ ಅವೇ ಗೆಳೆಯರು ಬೇರೆ ವೇಷ ಹಾಕ್ಕೊಂಡು ಬಂದರು, ಗುರುತು ಹಿಡಿಯೋಕೆ ಒಂದು ವರ್ಷ ಬೇಕಾಯ್ತು. ಅದನ್ನೂ ದಾಟಿ ಬಿಇ ಸೇರಿದೆ. ಮೊದಲ ವರ್ಷದ ಒಂದು ಇಂಟರ್ನಲ್ ಪರೀಕ್ಷೆಯಲ್ಲಿ ಎಂಟು ಮಾರ್ಕಿನ ಪ್ರಶ್ನೆ: ಬೌಲಿಂಗ್ ಬಾಲೊಂದನ್ನು ಉರುಳದ ಹಾಗೆ ಲೇನಿನ ಮೇಲೆ ಜಾರಿಸಿ ಬಿಡಲಾಗಿದೆ, ಎಷ್ಟು ದೂರ ಹೋದಮೇಲೆ ಅದು ಜಾರೋದು ನಿಂತು ಬರೀ ಉರುಳುತ್ತೆ? ಘರ್ಷಣೆ, ಆವರ್ತನೆಯ ಲೆಕ್ಕ. ನನಗೆ ಬರ್ತಿತ್ತು. ಆದರೆ ಬೌಲಿಂಗ್ ಅಂದ್ರೆ ನನಗೆ ಗೊತ್ತಿದ್ದದ್ದು ಶ್ರೀನಾಥ್, ಕುಂಬ್ಳೆ. ಬೌಲರ್ ಯಾಕೆ ಬಾಲನ್ನ ನೆಲದ ಮೇಲೆ ಜಾರಿಸ್ತಾನೆ? ಪಿಚ್ ಎಲ್ಲಿ? ಬೌನ್ಸ್ ಎಲ್ಲಿ? ಪ್ರಶ್ನೆಯಲ್ಲೇ ತಪ್ಪಿದೆ ಅಂದ್ಕೊಂಡು, ಬಾಲು ಕೈಯಿಂದ ಬಿಟ್ಟು ನೆಲಕ್ಕೆ ಬೀಳೋ ಲೆಕ್ಕ ಮಾಡಿ ಎರಡು ಪುಟ ತುಂಬಿಸಿದೆ. ಸೊನ್ನೆ. ಪೇಪರ್ ಕೊಡುವಾಗ ಲೆಕ್ಚರರ್ ಹೇಳಿದ್ದು: "ಬೇಸಿಕ್ಸ್ ವೀಕ್. ಕಾನ್ಸಂಟ್ರೇಟ್ ಮಾಡ್ಬೇಕಪ್ಪಾ." ಕ್ಲಾಸಿನ ಮುಕ್ಕಾಲು ಜನ ಬೆಂಗಳೂರು, ಮೈಸೂರಿನವರು. ಅವರಿಗೆ ಅದು ಸಲೀಸು ಎಂಟು ಮಾರ್ಕು.

ಬೌಲಿಂಗ್ ಆಲಿ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ಟೀಮ್ ಔಟಿಂಗಿಗೆ ಅಂತ ಒಂದು ಮಾಲಿಗೆ ಕರ್ಕೊಂಡು ಹೋದಾಗ. ಬಾಡಿಗೆ ಶೂ ಹಾಕ್ಕೊಂಡು ನಿಂತು ಬಿಟ್ಟೆ. ಬಾಲು ಎಣ್ಣೆ ಸವರಿದ ಹಲಗೆ ಮೇಲೆ ಜಾರ್ತಾ ಜಾರ್ತಾ ಹೋಗಿ ಒಂದು ಕಡೆ ಉರುಳೋಕೆ ಶುರುಮಾಡಿತು. ಓ, ಇದಾ! ಮ್ಯಾನೇಜರ್ರು "ಯುವರ್ ಟರ್ನ್" ಅಂತಿದ್ದಾರೆ, ನಾನು ಅಲ್ಲೇ ನಿಂತು ಘರ್ಷಣಾಂಕ ಲೆಕ್ಕ ಹಾಕ್ತಿದ್ದೀನಿ.

ಆ ಪ್ರಶ್ನೆ ಹಾಕಿದವರು ಕೆಟ್ಟವರಲ್ಲ. ನನ್ನನ್ನ ಫೇಲ್ ಮಾಡ್ಬೇಕು ಅಂತ ಕೂತು ಬರೆದಿರಲಿಲ್ಲ. ಏಣಿ ಮೇಲೆ ನಿಂತು ಅವರ ಕೈ ಎಲ್ಲಿಗೆ ಹೋಯ್ತೋ ಅಲ್ಲಿ ಬೋಲ್ಟ್ ಹಾಕಿದ್ದರು, ಅಷ್ಟೇ. ಲೆಕ್ಕ ಕಷ್ಟ ಇದ್ದಿದ್ದರೆ ನನಗೆ ಬೇಜಾರಾಗ್ತಿರಲಿಲ್ಲ. ನಾನು ಲೆಕ್ಕದ ಹತ್ತಿರಕ್ಕೇ ಹೋಗಲಿಲ್ಲ, ಬಾಗಿಲಲ್ಲೇ ಬಿದ್ದೆ. "ಕಾನ್ಸಂಟ್ರೇಟ್ ಮಾಡ್ಬೇಕಪ್ಪಾ" ಅನ್ನೋದನ್ನ ಹದಿನೈದು ವರ್ಷ ಮನಸ್ಸಲ್ಲಿಟ್ಟುಕೊಂಡು ಕುದ್ದವನು, ಮ್ಯಾಟ್ ಮೇಲೆ ಕೂತು ಇನ್ನೊಬ್ಬರಿಗೆ "ಕಮಿಟ್ ಆಗಬೇಕು ನೀವು" ಅಂದೆ.

ಇನ್ನು ಆ ವಿ3 ಅನ್ನೋ ಚೀಟಿ. ಅದೇನು ದೇವರು ಬರೆದ ಬರಹವಾ? 'ವಿ' ಅನ್ನೋದು ಟೆಕ್ಸಸ್ಸಿನ ಹ್ಯೂಕೋ ಟ್ಯಾಂಕ್ಸ್ ಬಂಡೆಗಳಿಗೆ ನಂಬರ್ ಕೊಟ್ಟ ಜಾನ್ ಶರ್ಮನ್ ಅನ್ನೋನ ಅಡ್ಡಹೆಸರು ವರ್ಮಿನ್, ಅದರ ಮೊದಲ ಅಕ್ಷರ. ಅದಕ್ಕೂ ಮುಂಚೆ 1950ರ ದಶಕದ ಕೊನೆಯಲ್ಲಿ ನಮ್ಮ ಗಣಿತದ ಪ್ರೊಫೆಸರ್ ಗಿಲ್ ಮೂರೇ ಮೆಟ್ಟಿಲಿನ ಒಂದು ಪದ್ಧತಿ ಮಾಡಿದ್ದರು: ಬಿ1, ಬಿ2, ಬಿ3. ಬಿ3 ಅಂದ್ರೆ ಹಲವರು ಪ್ರಯತ್ನಪಟ್ಟು ಒಬ್ಬರು ಮಾತ್ರ ಹತ್ತಿರೋದು. ಇನ್ನೊಬ್ಬರು ಹತ್ತಿದ ದಿನ ಅದು ತಾನಾಗೇ ಬಿ2ಗೆ ಇಳೀತಿತ್ತು. ಕಷ್ಟ ಅನ್ನೋದು ಬಂಡೆಯಲ್ಲಿಲ್ಲ, ಹತ್ತಿದ ಜನರಲ್ಲಿದೆ ಅಂತ ಅವರಿಗೆ ಅವತ್ತೇ ಗೊತ್ತಿತ್ತು. ನಮ್ಮ ವಿ3 ಅಂದ್ರೆ ಏನು? ಮೂವರು ಉದ್ದನೆಯ ಗೆಳೆಯರು ರಾತ್ರಿ ಹನ್ನೆರಡಕ್ಕೆ, ಮನೆಗೆ ಹೋಗೋ ಆತುರದಲ್ಲಿ ಕೊಟ್ಟ ಅಭಿಪ್ರಾಯ. ಆಕೆಗೆ ಅದು ವಿ3 ಅಲ್ಲ, ವಿ8 ಕೂಡ ಅಲ್ಲ. ನಂಬರೇ ಇಲ್ಲ ಅದಕ್ಕೆ.

ಜಿಮ್ಮುಗಳಲ್ಲಿ ಸೆಟ್ಟರುಗಳ ಗಮನ ಎಲ್ಲಿರುತ್ತೆ ನೋಡಿ. ದೊಡ್ಡ ದೊಡ್ಡ ಫೈಬರ್ ವಾಲ್ಯೂಮು, ಗಾಳಿಯಲ್ಲಿ ಹಾರಿ ಹಿಡಿಯೋ ಡೈನೋ, ರೀಲ್ಸಿಗೆ ಚೆನ್ನಾಗಿ ಬರೋ ಮೂವ್. ಒಳ್ಳೇ ಹಿಡಿಗಳೆಲ್ಲ ವಿ5, ವಿ6ಗೆ ಹೋಗುತ್ತೆ. ಹೊಸಬರ ವಿ0ಗೆ ಉಳಿದ ಜಗ್ಗುಗಳನ್ನ ಏಣಿ ಮೆಟ್ಟಿಲ ಥರ ಜೋಡಿಸಿ ಮುಗಿಸ್ತಾರೆ. ಅದು ಹತ್ತೋದಲ್ಲ, ಅಟ್ಟಕ್ಕೆ ಹೋಗೋದು. ಕಷ್ಟದ್ದನ್ನ ಕಟ್ಟೋದು ಬಹಳ ಸುಲಭ: ಹಿಡಿ ಸಣ್ಣದು ಮಾಡು, ದೂರ ಇಡು, ಆಯ್ತು. ಐದಡಿಯವರಿಗೂ ಆರಡಿಯವರಿಗೂ, ಮೊದಲ ದಿನ ಬಂದವರಿಗೂ ಬುದ್ಧಿಗೆ ಕೆಲಸ ಕೊಡೋ ವಿ1 ಕಟ್ಟಿ ತೋರಿಸಿ. ನಾನು ಎಂಟು ತಿಂಗಳಿಂದ ಒದ್ದಾಡ್ತಿದ್ದೀನಿ, ಸಮಾಧಾನ ಆಗೋ ಥರದ್ದು ಎರಡೇ ಆಗಿದೆ. "ಎಲ್ಲಾರೂ ಮೊದ್ಲ ಕೈ ಇಡ್ತಾರ್ರಿ. ಕಾಲು ಮೊದ್ಲ ಇಡ್ರಿ, ಕೈ ತಾವಾ ಬರ್ತಾವ" ಅಂತ ಹೆಡ್ ಸೆಟ್ಟರ್ ಪ್ರತಿ ವಾರ ಹೇಳ್ತಾನೆ, ಪ್ರತಿ ವಾರ ನಾನು ಮೊದಲು ಕೈಯೇ ಇಡ್ತೀನಿ.

ಹಳದಿ ಪ್ರಾಬ್ಲಂ ಕಥೆಗೆ ಬರ್ತೀನಿ. ನನಗೆ ಹೊಳೆದ ರಿಪೇರಿ ಅಂದ್ರೆ ಐದನೇ ಹಿಡಿಯನ್ನ ಕೆಳಗೆ ತರೋದು. ಬೇಡ ಅಂದ ಅವನು. ತಂದರೆ ಉದ್ದನೆಯವರಿಗೆ ಅಲ್ಲಿ ಕೆಲಸವೇ ಇರೋದಿಲ್ಲ. ಅವನು ತೋರಿಸಿದ್ದು ನಾನು ಯಾವತ್ತೂ ಗಮನಿಸದೇ ಇದ್ದದ್ದು. ಒಂದೇ ಹಿಡಿಗೆ ಇಬ್ಬರು ನೇತಾಡಿದರೆ ಗಿಡ್ಡಗಿರೋರ ಸೊಂಟ ಗೋಡೆ ಮೇಲೆ ಮೇಲಿರುತ್ತೆ, ಉದ್ದನೆಯವರದ್ದು ಕೆಳಗೆ. ಹಾಗಾಗಿ ನಾನಿಟ್ಟಿದ್ದ ಕಾಲಿನ ಹಿಡಿ ನನಗೆ ಸರಿಯಾಗಿ ಸಿಗ್ತಿತ್ತು, ಆಕೆಗೆ ಅದು ಬಹಳ ಕೆಳಗಾಗಿ ಮೈ ಪೂರ್ತಿ ಎಳೆದು ನಿಲ್ಲಿಸ್ತಿತ್ತು. ಎಡಕ್ಕೆ, ಒಂದೂವರೆ ಗೇಣು ಮೇಲೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಾಲಿನ ಹಿಡಿ ಸ್ಕ್ರೂ ಹಾಕಿ ಕೂರಿಸಿದ. ನಾನು ಅದರ ಮೇಲೆ ಕಾಲಿಟ್ಟರೆ ಮಂಡಿ ಎದೆಗೆ ಬಂದು, ಸೊಂಟ ಹೊರಕ್ಕೆ ತಳ್ಳಿ ಬಿದ್ದೇ ಹೋಗ್ತೀನಿ. ನನಗೆ ಅದು ಇದ್ದೂ ಇಲ್ಲದ ಹಾಗೆ. ಆಕೆಗೆ ಅದು ನಿಂತು ಏಳೋ ಜಾಗ. ಐದು ನಿಮಿಷದ ಕೆಲಸ. ನನ್ನ ಕಷ್ಟ ಹಾಗೇ ಉಳೀತು, ಆಕೆಗೂ ಒಂದು ಕಷ್ಟ ಸಿಕ್ಕಿತು.

ಗೆಳೆಯರು ಸುಮ್ಮನಿರಲಿಲ್ಲ. "ಏನ್ ಗುರು, ಎಲ್ಲಾರ್ಗೂ ಲಾಲಿಪಾಪ್ ಹಂಚ್ತಿದ್ದೀಯಾ? ಆಮೇಲೆ ಸ್ಟ್ಯಾಂಡರ್ಡ್ ಅನ್ನೋದು ಏನಿರುತ್ತೆ?" ಅಂದ ಒಬ್ಬ. ಅದೇ ಗೆಳೆಯ ಎರಡು ವಾರದ ಹಿಂದೆ ನೆಲಕ್ಕೆ ಕೂತು ಶುರುಮಾಡೋ ಒಂದು ಪ್ರಾಬ್ಲಮ್ಮಿನಲ್ಲಿ ಮಂಡಿ ಮಡಚೋಕಾಗದೆ, ಕುಂಡೆ ಮ್ಯಾಟಿನಿಂದ ಎತ್ತೋಕಾಗದೆ, "ಇದು ಗಿಡ್ಡರಿಗೆ ಮಾಡಿರೋದು, ಅನ್‌ಫೇರ್" ಅಂತ ರೇಗಿದ್ದ. ಅವನು ರೇಗಿದ್ದು ನ್ಯಾಯವೇ. ಉದ್ದನೆಯವರನ್ನೂ ಮಡಚಿ ಡಬ್ಬಿಗೆ ತುಂಬೋ ಥರ ಕಟ್ಟಬಾರದು. ಆದರೆ ಒಂದು ವಿಚಿತ್ರ ನೋಡಿ. ಉದ್ದನೆಯವನಿಗೆ ಆಗದೇ ಹೋದರೆ ಅದು ಸೆಟ್ಟಿಂಗಿನ ತಪ್ಪು, ಅದೇ ರಾತ್ರಿ ಹಿಡಿ ಸರಿಸ್ತಾರೆ. ಗಿಡ್ಡಗಿರೋರಿಗೆ ಆಗದೇ ಹೋದರೆ ಅವರ ಮೈಯ ತಪ್ಪು, ಟ್ರೈನಿಂಗ್ ಮಾಡಿ ಅಂತಾರೆ. ಯಾಕಂದ್ರೆ ರಾತ್ರಿ ಹನ್ನೆರಡಕ್ಕೆ ಆಲನ್ ಕೀ ಯಾರ ಕೈಯಲ್ಲಿದೆಯೋ, ಅವರ ಮಂಡಿನೋವು ಮಾತ್ರ ಅಲ್ಲಿರೋರಿಗೆ ಕಾಣುತ್ತೆ.

ಆಕೆ ಗುರುವಾರ ಬಂದರು. ನಾನು ಹೆಮ್ಮೆಯಿಂದ ಹೊಸ ಕಾಲಿನ ಹಿಡಿ ತೋರಿಸಿದೆ. ಅದರ ಮೇಲೆ ಕಾಲಿಡಲೇ ಇಲ್ಲ! ಹಿಮ್ಮಡಿಯನ್ನ ಎತ್ತಿ ನಾಲ್ಕನೇ ಹಿಡಿಯ ಪಕ್ಕಕ್ಕೆ ಕೊಕ್ಕೆ ಹಾಕಿ, ಚಿಕ್ಕ ಹಿಡಿಯನ್ನ ಬಲಗೈ ಹೆಬ್ಬೆರಳಲ್ಲಿ ಒತ್ತಿ, ಎದ್ದು ಸ್ಲೋಪರ್ ತಬ್ಬಿಕೊಂಡರು. ನಾವು ಯಾರೂ ಅಂದುಕೊಂಡೇ ಇರದ ದಾರಿ. ಮೇಲಿಂದ ಇಳಿದು ಬಂದು ಹೇಳಿದರು, "ಇದು ವಿ3 ಅಲ್ಲ ರೀ, ವಿ2. ಚೀಟಿ ಬದಲಾಯಿಸಿ." ಹೆಡ್ ಸೆಟ್ಟರ್ ನಗ್ತಾ ಹೋಗಿ ಬದಲಾಯಿಸಿದ. ನನಗೆ ಸ್ವಲ್ಪ ಉರೀತು, ಸುಳ್ಳು ಯಾಕೆ ಹೇಳಲಿ.

ಈಗ ನಾನು ಟೆಸ್ಟ್ ಮಾಡುವಾಗ ಮೊಣಕೈ ಪೂರ್ತಿ ನೀಡೋದಿಲ್ಲ, ಮಡಿಸಿಕೊಂಡೇ ಹತ್ತೋಕೆ ನೋಡ್ತೀನಿ. ಇದು ನಾಟಕ ಅಂತ ನನಗೂ ಗೊತ್ತು. ಕಣ್ಣು ಮುಚ್ಚಿಕೊಂಡು ನಾಲ್ಕು ಹೆಜ್ಜೆ ನಡೆದು ಕುರುಡರ ಕಷ್ಟ ಅರ್ಥ ಆಯ್ತು ಅಂದ ಹಾಗೆ. ಬೇಕಾಗಿರೋದು ನಿಜವಾದ ಐದಡಿಯ ಮನುಷ್ಯರು, ಚೀಟಿ ಅಂಟಿಸೋದಕ್ಕೆ ಮುಂಚೆ, ಆ ರಾತ್ರಿ ಗೋಡೆ ಮುಂದೆ. ಅದೂ ಪುಕ್ಕಟೆಗಲ್ಲ. ಸೆಟ್ಟರುಗಳಿಗೆ ಕೂಲಿ ಕೊಡೋ ಹಾಗೆ ಟೆಸ್ಟರಿಗೂ ಕೊಡಬೇಕು ಅಂತ ಜಿಮ್ಮಿನವರನ್ನ ಕೇಳಿದ್ದೀನಿ. "ನೋಡೋಣ" ಅಂದಿದ್ದಾರೆ. ಈ ಊರಲ್ಲಿ "ನೋಡೋಣ" ಅಂದ್ರೆ ಏನು ಅಂತ ನಿಮಗೂ ಗೊತ್ತು. ಇನ್ನೊಂದು ಮಾತೂ ಕೇಳಿದ್ದೀನಿ: ಪ್ರತಿ ಗೋಡೆಯಲ್ಲಿ ವಿ2ರವರೆಗಿನ ಪ್ರಾಬ್ಲಂಗಳು ಐದಡಿಯವರು ಹತ್ತಿದ ಮೇಲೇ ಓಪನ್ ಆಗಬೇಕು. ಅದಕ್ಕಿನ್ನೂ "ನೋಡೋಣ" ಕೂಡ ಬಂದಿಲ್ಲ.

ಬರೋ ಸೋಮವಾರ ರಾತ್ರಿ ಒಂಬತ್ತೂವರೆಗೆ ಸ್ಲ್ಯಾಬ್ ಗೋಡೆ ಪೂರ್ತಿ ಬಿಚ್ತೀವಿ. ಐದಡಿ ಅಥವಾ ಅದಕ್ಕಿಂತ ಕಮ್ಮಿ ಇರೋರು, ಹಿಂದೆ ಯಾವತ್ತೂ ಹತ್ತಿಲ್ಲದೇ ಇದ್ದರೂ ಪರವಾಗಿಲ್ಲ, ಬನ್ನಿ. ಜಿಮ್ಮಿನವರು ಕೊಡೋವರೆಗೆ ಕೂಲಿ ನನ್ನ ಜೇಬಿಂದ. ಶೂ ಬಾಡಿಗೆ ಕೂಡ.